ಮೂರು ಸೆಕೆಂಡು ನಡುಗಿದ್ದಕ್ಕೆ ಮೂರು ದಿನದಿಂದ ನಿದ್ದೆ ಇಲ್ಲ

ಗೂನಡ್ಕದವಳು (28 ಜೂನ್ 2022)

ನಮ್ಮದು ಸುಳ್ಯ ತಾಲ್ಲೂಕು, ಸಂಪಾಜೆ ಕಡೆ. ಇವತ್ತು ಬೆಳಿಗ್ಗೆ 7.45ಕ್ಕೆ ದೋಸೆ ಎರೆಯುತ್ತಿದ್ದೆ. ಮೊದಲು ಸದ್ದು ಬಂತು. ಗುಡುಗಿನದಲ್ಲ, ಹೈವೇ ಲಾರಿಯದ್ದೂ ಅಲ್ಲ. ಅಟ್ಟದಲ್ಲಿ ಯಾರೋ ಗೋಣಿಯಿಂದ ತೆಂಗಿನಕಾಯಿ ಸುರಿದ ಹಾಗೆ. ಅದು ಮುಗಿಯುವ ಮೊದಲೇ ನೆಲ ಅದುರಿತು. ಹೆಂಚುಗಳು ಕಟಕಟ ಅಂದವು. ಗೋಡೆಗೆ ನೇತುಹಾಕಿದ ಸೌಟುಗಳು ಒಂದಕ್ಕೊಂದು ತಾಗಿದವು. ಎಲ್ಲ ಸೇರಿ ಮೂರು ಸೆಕೆಂಡು ಇರಬಹುದು. ಅಂಗಳಕ್ಕೆ ಓಡಿ ನಿಂತಾಗ ಕೈಯಲ್ಲಿ ದೋಸೆ ಸಟ್ಟುಗ ಹಾಗೇ ಇತ್ತು. ಮಳೆ ಬೇರೆ.

ಶನಿವಾರ ಬೆಳಿಗ್ಗೆ 9ರ ಹೊತ್ತಿಗೂ ಒಮ್ಮೆ ಆಗಿತ್ತು. ಆವತ್ತು ಅತ್ತೆ "ಟ್ಯಾಂಕರ್ ಹೋದದ್ದು" ಅಂದರು, ನಾನೂ ಒಪ್ಪಿದೆ. ಆಮೇಲೆ ನೋಡಿದರೆ ಟಿವಿಯಲ್ಲಿ ಭೂಕಂಪ, ರಿಕ್ಟರ್ ಮಾಪಕದಲ್ಲಿ 2.3 ಅಂತ ಬಂತು. ಇವತ್ತಿನದು 3.0, ಚೆಂಬು ಗ್ರಾಮದ ಹತ್ತಿರ ಅಂತೆ. ಸಂಜೆ ನಾಲ್ಕೂವರೆಗೆ ಇನ್ನೊಂದು ಸಣ್ಣದು.

ನಮ್ಮ ಮನೆಯಲ್ಲಿ ಒಂದು ಲೋಟ ಕೂಡ ಬಿದ್ದಿಲ್ಲ. ಆದರೂ ಶನಿವಾರದಿಂದ ನಿದ್ದೆ ಇಲ್ಲ. ಫ್ರಿಡ್ಜ್ ಗುರ್ ಅಂದರೂ ಎದ್ದು ಕೂರುತ್ತೇನೆ. ಮನೆಯ ಹಿಂದೆ ಗುಡ್ಡ ಉಂಟು. ಇಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಎಷ್ಟು ದಿನ ಇರುತ್ತದೆ? ದೊಡ್ಡದು ಬರುತ್ತದಾ? "ಹೆದರಬೇಡಿ" ಅಂತ ಮಾತ್ರ ಬರೆಯಬೇಡಿ, ಕೇಳಿ ಕೇಳಿ ಸಾಕಾಗಿದೆ.

ಅಡಿಕೆ_ಅಂಗಳ

ತೊಡಿಕಾನದಿಂದ. ನಮ್ಮಲ್ಲೂ ಆಯಿತು. ಪ್ರಾಣಿಗಳಿಗೆ ಮೊದಲೇ ಗೊತ್ತಾಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ನಮ್ಮ ನಾಯಿ ಮಲಗಿಯೇ ಇತ್ತು ಮಾರಾಯ್ರೆ. ನಾವು ಹೊರಗೆ ಓಡಿದ್ದು ನೋಡಿ ಅದು ಬೊಗಳಿತು.

ಹೊಸ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಮೊದಲೇ ಇತ್ತೋ ಈಗ ಬಂತೋ ಗೊತ್ತಿಲ್ಲ. ಮೇಸ್ತ್ರಿ ಈಗ ಬಂದದ್ದು ಅನ್ನುತ್ತಾರೆ. ಅವರಿಗೆ ಅದೇ ಅನುಕೂಲ ಅಲ್ವಾ.

ಎಂಟನೇ_ಕ್ರಾಸ್

ಬೆಂಗಳೂರಿನವನು ನಾನು. 2020ರ ಮೇ 20ರ ಮಧ್ಯಾಹ್ನ ಇಲ್ಲಿ ಧಡಾರ್ ಅಂತ ಸದ್ದು ಬಂದು ಅರ್ಧ ಊರು ಭೂಕಂಪ ಅಂತ ಬೀದಿಗೆ ಬಂದಿತ್ತು. ಕೊನೆಗೆ ನೋಡಿದರೆ ವಾಯುಪಡೆಯ ಪರೀಕ್ಷಾ ವಿಮಾನ! ಶಬ್ದದ ವೇಗ ಮೀರಿ ಹಾರಿ, ವೇಗ ಇಳಿಸುವಾಗ ಬಂದ ಸದ್ದಂತೆ. ರಕ್ಷಣಾ ಇಲಾಖೆಯವರೇ ಹೇಳಿದರು. ನಿಮ್ಮದೂ ಅಂಥದ್ದೇ ಏನೋ ಇರಬಹುದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗೂನಡ್ಕದವಳು

ಅಣ್ಣಾ, ವಿಮಾನ ಹೋದರೆ ಕಿಟಕಿ ಗಾಜು ಅಲುಗುತ್ತದೆ. ಇದು ಅಂಗಾಲಿಗೆ ಗೊತ್ತಾಯಿತು. ನಾನು ಬರಿಗಾಲಲ್ಲಿ ನಿಂತಿದ್ದೆ.

ತುಂಗಾ_ದಂಡೆ

ಶಿವಮೊಗ್ಗದಿಂದ. ಅಂಗಾಲಿಗೆ ಗೊತ್ತಾದರೂ ಭೂಕಂಪವೇ ಆಗಬೇಕಿಲ್ಲ ಅಕ್ಕ. 2021ರ ಜನವರಿ 21ರ ರಾತ್ರಿ ಹತ್ತೂಕಾಲರ ಸುಮಾರಿಗೆ ನಮ್ಮ ಮನೆ ಅಲುಗಿತು, ಕಿಟಕಿ ಝಲ್ ಅಂದಿತು. ಪಕ್ಕದ ಜಿಲ್ಲೆಯಲ್ಲಿದ್ದ ನನ್ನ ತಮ್ಮನಿಗೂ ಕೇಳಿಸಿತ್ತು. ಎಲ್ಲರೂ ರಸ್ತೆಗೆ ಬಂದು ಭೂಕಂಪ ಭೂಕಂಪ ಅಂತ ಫೋನು ಮಾಡಿದ್ದೇ ಮಾಡಿದ್ದು. ನಾನೂ ವಾಟ್ಸಾಪಿನಲ್ಲಿ ಹಾಕಿದೆ. ಅದು ಹುಣಸೋಡಿನ ಕಲ್ಲುಕೋರೆ ಹತ್ತಿರ ಲಾರಿಯಲ್ಲಿದ್ದ ಸ್ಫೋಟಕ ಸಿಡಿದದ್ದು. ಜನ ಸತ್ತಿದ್ದರು. ನನ್ನ ಮೆಸೇಜು ಅಳಿಸಿದೆ. ಬೆಳಿಗ್ಗೆವರೆಗೂ ಅದು ಎಲ್ಲೆಲ್ಲೋ ತಿರುಗುತ್ತಲೇ ಇತ್ತು.

ಕಲ್ಲು_ಓದುವವ

ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಸಂಪಾಜೆಯದು ಭೂಕಂಪವೇ, ಅದರಲ್ಲಿ ಅನುಮಾನ ಬೇಡ. ಮಾಪನ ಕೇಂದ್ರಗಳಲ್ಲಿ ದಾಖಲಾಗಿದೆ. ಕೋರೆ ಸಿಡಿತಕ್ಕೂ ಭೂಕಂಪಕ್ಕೂ ಗೆರೆ ಬೇರೆ ಥರ ಬೀಳುತ್ತದೆ. ಸಿಡಿತ ನೆಲವನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಸೀಳಿನುದ್ದಕ್ಕೂ ಜಾರುತ್ತದೆ. ಅದಕ್ಕೇ ಒಂದು ಕಡೆಯ ಯಂತ್ರಕ್ಕೆ ಮೊದಲು ತಳ್ಳಿದ ಹಾಗೆ, ಇನ್ನೊಂದು ಕಡೆಯದಕ್ಕೆ ಎಳೆದ ಹಾಗೆ ದಾಖಲಾಗುತ್ತದೆ.

ಅಕ್ಕ ಬರೆದದ್ದರಲ್ಲಿ ನನಗೆ ಹಿಡಿಸಿದ್ದು "ಮೊದಲು ಸದ್ದು ಬಂತು" ಅನ್ನೋ ಮಾತು. ಬಂಡೆ ಜಾರಿದಾಗ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲನೆಯದು ನೂಕುವ ಅಲೆ, ಗಟ್ಟಿ ಕಲ್ಲಿನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಅದು ನೆಲದಿಂದ ಗಾಳಿಗೆ ದಾಟಿದರೆ ಕಿವಿಗೆ ಸದ್ದಾಗಿ ಕೇಳುತ್ತದೆ. ಎರಡನೆಯದು ಪಕ್ಕಕ್ಕೆ ಅಲ್ಲಾಡಿಸುವ ಅಲೆ, ಅದರ ವೇಗ ಮೂರೂವರೆ ಕಿ.ಮೀ. ಹತ್ತಿರ. ನಿಮ್ಮ ಹೆಂಚು ಅಲುಗಿಸಿದ್ದು ಅದು. ದೂರದ ದೊಡ್ಡ ಭೂಕಂಪಕ್ಕೆ ಈ ಸದ್ದು ಕೇಳುವುದಿಲ್ಲ, ಫ್ಯಾನು ಮಾತ್ರ ತೂಗುತ್ತದೆ. ಕಾಲ ಕೆಳಗೇ ಆದ ಸಣ್ಣದಕ್ಕೆ ಸದ್ದೇ ಜಾಸ್ತಿ. ಹಾಗಾಗಿ ಸದ್ದು ಭಯಂಕರ ಅಂದರೆ ಭೂಕಂಪ ದೊಡ್ಡದು ಅಂತ ಅರ್ಥವಲ್ಲ. ನಿಮಗೆ ಹತ್ತಿರ ಅಂತ.

ಮೊತ್ತಮೊದಲು ಅಂಕಿಯ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಒಂದು ಅಂಕ ಏರಿದರೆ ಶಕ್ತಿ 32 ಪಟ್ಟು. ಎರಡು ಏರಿದರೆ ಸಾವಿರ ಪಟ್ಟು. ಶನಿವಾರದ 2.3ಕ್ಕಿಂತ ಇವತ್ತಿನ 3.0 ಸುಮಾರು 11 ಪಟ್ಟು. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ 6.2 ಇವತ್ತಿನದಕ್ಕಿಂತ 60 ಸಾವಿರ ಪಟ್ಟಿಗೂ ಜಾಸ್ತಿ.

ಇನ್ನೊಂದು ವಿಷಯ. ಬುಲೆಟಿನ್ನಿನಲ್ಲಿ ಆಳ 10 ಕಿ.ಮೀ. ಅಂತ ಇದ್ದರೆ ಅದನ್ನು ಟೇಪು ಹಿಡಿದು ಅಳೆದದ್ದು ಅಂದುಕೊಳ್ಳಬೇಡಿ. ಹತ್ತಿರದಲ್ಲಿ ಸಾಕಷ್ಟು ಯಂತ್ರ ಇಲ್ಲದಿದ್ದಾಗ ಲೆಕ್ಕ ಕೂರಿಸಲು ಹಾಕುವ ಸಂಖ್ಯೆ ಎಷ್ಟೋ ಸಲ ಅದೇ.

ಅಡಿಕೆ_ಅಂಗಳ

ಸರ್, ನಮ್ಮ ಕರ್ನಾಟಕ ಭೂಕಂಪ ಆಗದ ಜಾಗ ಅಂತ ಶಾಲೆಯಲ್ಲಿ ಓದಿದ ನೆನಪು.

ಕಲ್ಲು_ಓದುವವ

ಆಗದ ಜಾಗ ಅಂತ ಹೇಳಿದ್ದು ಯಾರು? 2002ರ ಭೂಕಂಪ ಅಪಾಯದ ನಕ್ಷೆಯಲ್ಲಿ ದೇಶವನ್ನು, ಅಂಕಿ ಏರಿದಷ್ಟೂ ಅಪಾಯ ಜಾಸ್ತಿ ಅನ್ನೋ ಹಾಗೆ, 2ರಿಂದ 5ರವರೆಗೆ ನಾಲ್ಕು ವಲಯ ಮಾಡಿದ್ದಾರೆ. ಸೊನ್ನೆ ಅನ್ನೋ ವಲಯವೇ ಇಲ್ಲ. ಬೆಂಗಳೂರು 2ರಲ್ಲಿ, ಕರಾವಳಿ 3ರಲ್ಲಿ. ಹಿಮಾಲಯದ ಹಾಗೆ ಇಲ್ಲಿ ಭೂಮಿಯ ಹೊರಚಿಪ್ಪಿನ ಎರಡು ಫಲಕ (ಪ್ಲೇಟ್) ಡಿಕ್ಕಿ ಹೊಡೆಯುತ್ತಿಲ್ಲ, ನಿಜ. ಆದರೆ ನಾವಿರುವ ಫಲಕವೇ ಉತ್ತರಕ್ಕೆ ಒತ್ತುತ್ತಿದೆ. ಆ ಒತ್ತಡ ಒಳಗೆಲ್ಲ ಹರಡಿರುತ್ತದೆ. ಹಳೆಯ ಸೀಳು ಎಲ್ಲಿ ಸಡಿಲವೋ ಅಲ್ಲಿ ಒಮ್ಮೊಮ್ಮೆ ಕಟ್ ಅನ್ನುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪ ಯಂತ್ರಗಳ ಸಾಲೇ ಇದೆ. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಹೋದ ಡಿಸೆಂಬರ್ 22ಕ್ಕೆ ಬೆಳಿಗ್ಗೆ ಐದು ನಿಮಿಷದ ಅಂತರದಲ್ಲಿ ಎರಡು ಬಂದವು, 2.9 ಮತ್ತು 3.0.

ತೊಗರಿ_ಹೊಲ

ಚಿಂಚೋಳಿ ತಾಲ್ಲೂಕಿನವನ್ರೀ ನಾನು. ಅಕ್ಕಾರ ಬರೆದದ್ದು ಓದಿ ಮೈ ಜುಮ್ ಅಂತು. ನಮ್ಮ ತಾಲ್ಲೂಕಿನ ಗಡಿಕೇಶ್ವರ ಅನ್ನೋ ಊರಿನ ಹೆಸರು ಕೇಳಿರಬೇಕಲ್ಲ. ಹೋದ ವರ್ಷ ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ದಿನಾ ಬರುತ್ತಿತ್ತು. ನನ್ನ ಅಕ್ಕನ ಮನೆ ಆ ಕಡೆ.

ಅಲ್ಲಿ ನೆಲದೊಳಗಿಂದ ಸದ್ದು ಬರುವುದು ಆಗಲೇ ಶುರುವಾದದ್ದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಢಬ್ ಅನ್ನೋದು ಹಿಂದಿನ ವರ್ಷಗಳಲ್ಲೂ ಇತ್ತು. ಮಂದಿ ಹೇಳಿದಾಗ ನೋಡಲು ಬಂದವರು ನಕ್ಕು ಹೋಗುತ್ತಿದ್ದರು. "ಒಳಗ ಸುಣ್ಣದಕಲ್ಲು ಅದ, ನೀರು ಇಳೀತದ, ಗಾಳಿ ಹೊರಗ ಬರತದ, ಅಷ್ಟ" ಅಂತ ಒಬ್ಬರು ಹೇಳಿದ್ದರಂತೆ. ಅಕ್ಟೋಬರ್ 11ರ ರಾತ್ರಿ ಹತ್ತರ ಹತ್ತಿರ 4.1 ಬಂತು ನೋಡ್ರಿ, ಆಮೇಲೆ ಯಾರೂ ನಗಲಿಲ್ಲ.

ನಾನು ಮರುದಿನ ಹೋದೆ. ಊರಲ್ಲಿ ಅರ್ಧ ಮಂದಿ ಇರಲಿಲ್ಲ. ಟ್ರ್ಯಾಕ್ಟರಿಗೆ ಹಾಸಿಗೆ, ಜೋಳದ ಚೀಲ, ಮುದುಕರನ್ನ ಹೇರಿಕೊಂಡು ಬೀಗರ ಊರಿಗೆ ಹೊರಟಿದ್ದರು. ಅಕ್ಕ ಮಾತ್ರ ಎಮ್ಮೆ ಬಿಟ್ಟು ಬರಲ್ಲ ಅಂತ ಕೂತಿದ್ದಳು. ಕಲ್ಲುಮಣ್ಣಿನ ಗೋಡೆ, ಮ್ಯಾಲ ಫರ್ಸಿ ಕಲ್ಲು. ಒಳಗೆ ಹೋಗಿ ಒಲೆ ಹಚ್ಚಲು ಹೆದರಿಕೆ. ಮೂರು ಕಲ್ಲು ಇಟ್ಟು ಅಂಗಳದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯೋ ಸದ್ದಿಗೇ ಮೊಮ್ಮಗ ಚೀರುತ್ತಿದ್ದ. ಅಕ್ಕ ಆಮೇಲೆ ಬಡಿಯೋದು ಬಿಟ್ಟು ಕೈಯಲ್ಲೇ ತಟ್ಟಿದಳು, ಸದ್ದಾಗದಂಗೆ.

ನಿಮ್ಮ ಪ್ರಶ್ನೆಗೆ ಉತ್ತರ ಅಂದರೆ, ನೆಲ ಸುಮ್ಮನಾಗಿ ತಿಂಗಳಾದರೂ ನಮ್ಮ ಕಿವಿ ಸುಮ್ಮನಾಗಿರಲಿಲ್ಲ.

ಗೂನಡ್ಕದವಳು

ಅಣ್ಣಾ, ರೊಟ್ಟಿ ಸದ್ದಿನ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ನನಗೆ ಫ್ರಿಡ್ಜ್, ನಿಮ್ಮ ಮೊಮ್ಮಗನಿಗೆ ರೊಟ್ಟಿ. ಅಲ್ಲಿ ಕಾರಣ ಏನು ಅಂತ ಹೇಳಿದರು?

ಕಲ್ಲು_ಓದುವವ

ನಡುವೆ ಬಾಯಿ ಹಾಕುತ್ತೇನೆ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಅಲ್ಲಿ ಯಂತ್ರ ಇಟ್ಟು ನೋಡಿದರು. ಮಳೆ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದಾಗ ಒಳಗಿನ ನೀರಿನ ಒತ್ತಡ ಏರುತ್ತದೆ. ಮೊದಲೇ ಜಾರುವ ಹಂತದಲ್ಲಿರುವ ಸೀಳಿಗೆ ಅದು ಎಣ್ಣೆ ಬಿಟ್ಟ ಹಾಗೆ. ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ಇಂಥ ಸಣ್ಣ ಕಂಪನಗಳು ಗುಂಪಾಗಿ ಬರುವುದಕ್ಕೆ ಇದೇ ಕಾರಣ ಇರಬಹುದು ಅಂತ ಹೇಳುತ್ತಾರೆ. ಮಹಾರಾಷ್ಟ್ರದ ಕೊಯ್ನಾದಲ್ಲೂ ನೀರೇ, ಆದರೆ ಅಲ್ಲಿ ಅಣೆಕಟ್ಟಿನದು. 1967ರ ಡಿಸೆಂಬರ್ 11ರಂದು 6ಕ್ಕೂ ಮೇಲಿನದೇ ಆಯಿತು.

"ಗಾಳಿ ಹೊರಗೆ ಬರುತ್ತದೆ" ಅಂದ ಮಹಾನುಭಾವರ ಬಗ್ಗೆ ಏನೂ ಹೇಳುವುದಿಲ್ಲ. ಜನ ಸದ್ದು ಕೇಳಿಸಿತು ಅಂದರೆ ಮೊದಲು ಯಂತ್ರ ತಂದು ಇಡಬೇಕು. ಆಮೇಲೆ ಮಾತು.

ಹಳೇ_ಬಸವಕಲ್ಯಾಣ

ನನಗೆ ಈಗ 61. ನೀರು, ಸುಣ್ಣದಕಲ್ಲು ಎಲ್ಲಾ ಸರಿ. ಕಿಲ್ಲಾರಿ ಬಗ್ಗೆ ಯಾರೂ ಪೂರ್ತಿ ಹೇಳುತ್ತಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಎಲ್ಲರೂ ಮಲಗಿದ್ದರು. ಇಲ್ಲಿ ನಮ್ಮ ಮಂಚ ಗೋಡೆಗೆ ಬಡಿಯಿತು. ಮಧ್ಯಾಹ್ನದ ಹೊತ್ತಿಗೆ ಗಾಯಾಳುಗಳ ಸುದ್ದಿ, ಸಂಜೆಗೆ ಹೆಣಗಳ ಲೆಕ್ಕ. ಸುಮಾರು ಹತ್ತು ಸಾವಿರ ಮಂದಿ. ಮೂರನೇ ದಿನ ನಾವು ರೊಟ್ಟಿ, ಹಳೇ ಸೀರೆ ಒಯ್ದು ಕೊಟ್ಟು ಬಂದೆವು. ಗೋಡೆಗಳು ಎರಡು ಮೊಳ ದಪ್ಪ, ಬರೀ ಗುಂಡುಕಲ್ಲು ಮಣ್ಣು. ಮೇಲೆ ಮಣ್ಣಿನ ಮಾಳಿಗೆ. ಆ ಮಣ್ಣೇ ಮಂದಿಯನ್ನು ಕೊಂದದ್ದು.

ಅಲ್ಲೂ 1992ರಲ್ಲಿ ತಿಂಗಳುಗಟ್ಟಲೆ ಸಣ್ಣ ಸಣ್ಣವು ಬಂದಿದ್ದವು. ಊರು ಬದಲಿಸಿ ಕೊಡಿ ಅಂತ ಮಂದಿ ಕೇಳಿದ್ದರು. ಆಮೇಲೆ ನಿಂತವು. ಎಲ್ಲರೂ ಮರೆತರು. ಸರ್, ಇದಕ್ಕೇನು ಹೇಳುತ್ತೀರಿ?

ಎಂಟನೇ_ಕ್ರಾಸ್

ಯಜಮಾನ್ರೇ, ಈಗಲೇ ನಿದ್ದೆ ಇಲ್ಲ ಅಂತಿದ್ದಾರೆ ಅವರು. ಇದನ್ನ ಈಗ ಹೇಳಬೇಕಿತ್ತಾ?

ಗೂನಡ್ಕದವಳು

ಇರಲಿ ಬಿಡಿ, ಹೇಳಲಿ. ಇದನ್ನೇ ನಾನು ಕೇಳಿದ್ದು.

ಕಲ್ಲು_ಓದುವವ

ಹಿರಿಯರು ಹೇಳಿದ್ದು ನಿಜ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಿದರೆ ನಾನು ಪಾಠ ಮಾಡಿದ್ದು ದಂಡ. ಆದರೆ ಅದರ ಇನ್ನೊಂದು ಮಗ್ಗುಲೂ ನೋಡಬೇಕು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರ್‌ನಿಂದ ಸಾವಿರಾರು ಸಣ್ಣ ಕಂಪನ ಆಗಿವೆ. ದೊಡ್ಡದು ಅಂದರೆ 4ರ ಆಸುಪಾಸು, ಅಷ್ಟೇ. ಹೀಗೆ ಗುಂಪಾಗಿ ಬಂದು ಸುಮ್ಮನಾಗಿ ಹೋಗುವುದೇ ಹೆಚ್ಚು. ಕಿಲ್ಲಾರಿ ಅಪರೂಪ. ಯಾವುದು ಸುಮ್ಮನಾಗುತ್ತದೆ, ಯಾವುದು ಕಿಲ್ಲಾರಿ ಆಗುತ್ತದೆ ಅಂತ ಮೊದಲೇ ಹೇಳಬಲ್ಲವರು ಇವತ್ತಿಗೂ ಜಗತ್ತಿನಲ್ಲಿ ಇಲ್ಲ. ಹೇಳುತ್ತೇನೆ ಅಂದವರನ್ನು ನಂಬಬೇಡಿ. ಬರುತ್ತದೆ ಅಂದವರನ್ನೂ, ಬರುವುದೇ ಇಲ್ಲ ಅಂದವರನ್ನೂ.

ನಿಮ್ಮ ಕೈಯಲ್ಲಿ ಇರುವುದು ಮನೆ. ಕೊಂದದ್ದು ಮಾಳಿಗೆ ಮಣ್ಣು ಅಂತ ಹಿರಿಯರು ಹೇಳಿದರಲ್ಲ. ನಿಮ್ಮದು ಹೆಂಚಿನ ಮನೆ, ಮೇಲಿನ ಭಾರ ಅಷ್ಟಿಲ್ಲ. ಆದರೆ ಅಲುಗುವಾಗ ಬಾಗಿಲಿಗೆ ಓಡಿದರೆ ಸೂರಿನ ಅಂಚಿನ ಹೆಂಚು ಸರಿಯಾಗಿ ತಲೆ ಮೇಲೆ ಬರುತ್ತದೆ. ನೀವು ಇವತ್ತು ಮಾಡಿದ್ದು ಅದನ್ನೇ. ಗಟ್ಟಿ ಮೇಜಿನ ಅಡಿ ಕೂತು, ನಿಂತ ಮೇಲೆ ಹೊರಗೆ ಹೋಗಿ. ಗ್ಯಾಸ್ ಆಫ್ ಮಾಡಿ. ಅಟ್ಟದ ತೆಂಗಿನಕಾಯಿ ಮಂಚದ ನೇರಕ್ಕೆ ಇದ್ದರೆ ಇವತ್ತೇ ಸರಿಸಿ.

ಟ್ರೆಂಟ್_ಹೊಳೆ

ನಾಟಿಂಗ್‌ಹ್ಯಾಮ್‌ನಿಂದ ಸಣ್ಣ ಕಥೆ. 2008ರ ಫೆಬ್ರವರಿ 27, ರಾತ್ರಿ ಒಂದಕ್ಕೆ ನಾಲ್ಕು ನಿಮಿಷ ಬಾಕಿ. ಇಂಗ್ಲೆಂಡಿಗೆ ಬಂದು ಆರು ತಿಂಗಳಾಗಿತ್ತು. ಮಂಚ ಯಾರೋ ಹಿಡಿದು ಜಗ್ಗಿದ ಹಾಗೆ ಆಯಿತು. ನನ್ನ ಹೆಂಡತಿ "ಮೇಲಿನವರು ವಾಷಿಂಗ್ ಮೆಷಿನ್ ಹಾಕಿದ್ದಾರೆ" ಅಂದಳು. ನಮಗೆ ಮೇಲಿನವರೇ ಇರಲಿಲ್ಲ, ನಮ್ಮದೇ ಮೇಲ್ಮನೆ. ಮಾರ್ಕೆಟ್ ರೇಸನ್ ಅನ್ನೋ ಊರಿನ ಹತ್ತಿರ 5.2 ಆಗಿತ್ತು. ಚಿಮಣಿ ಬಿದ್ದು ಒಬ್ಬ ಹುಡುಗನಿಗೆ ಜೋರು ಪೆಟ್ಟಾಯಿತು. ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಜೀವಮಾನದಲ್ಲೇ ನಮ್ಮನ್ನು ಮಾತಾಡಿಸದ ಅಜ್ಜ ತಾವಾಗಿ ಮಾತಾಡಿಸಿದರು. ಭೂಕಂಪದ ಲಾಭ ಅಂದರೆ ಅದೊಂದೇ.

ಹಾರಂಗಿ_ಹಿನ್ನೀರು

ನಾನು ಕೊಡಗಿನವಳು. ಗೂನಡ್ಕದ ಅಕ್ಕ "ಮನೆ ಹಿಂದೆ ಗುಡ್ಡ ಉಂಟು" ಅಂದರು, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮಗೆ ಭಯ ಭೂಕಂಪದ್ದಲ್ಲ. 2018ರ ಜುಲೈ 9ಕ್ಕೆ ಕೊಡಗಿನಲ್ಲಿ 3.4ರ ಕಂಪನ ಆಯಿತು. ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಎಲ್ಲ ಕಡೆ ಗುಡ್ಡ ಜಾರಿ ಬಂತು. ಈ ಜೂನ್ 23ಕ್ಕೆ ಬೆಳಗಿನ ಜಾವ ಹೊಳೆನರಸೀಪುರ ಕಡೆ 3.4. ಅದು ನಮಗೂ ಗೊತ್ತಾಯಿತು. ಹಿಂದೆಯೇ ನಿಮ್ಮದು. ಹೊರಗೆ ಮಳೆ ಸುರಿಯುತ್ತಿದೆ. ಲೆಕ್ಕ ಹಾಕದೆ ಹೇಗಿರುವುದು?

ಕಲ್ಲು_ಓದುವವ

ಲೆಕ್ಕ ಹಾಕುವುದು ಸಹಜ ತಾಯಿ. ಆದರೆ 2018ರ ಕುಸಿತಕ್ಕೆ ಆ ಕಂಪನ ಕಾರಣ ಅಲ್ಲ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ನೋಡಿ ಹೇಳಿದ್ದರು. ಅತಿ ಮಳೆ, ಜೊತೆಗೆ ರಸ್ತೆಗೂ ಮನೆಗೂ ಹೋಂಸ್ಟೇಗೂ ಗುಡ್ಡದ ಕಾಲು ಕಡಿದದ್ದು. ಗುಡ್ಡದ ಮೇಲ್ಭಾಗದಲ್ಲಿ ಹೊಸ ಬಿರುಕು ಬಂದರೆ, ಮರ ಓರೆಯಾದರೆ, ಒರತೆ ನೀರು ದಿಢೀರನೆ ಕೆಂಪಾದರೆ ಅಥವಾ ನಿಂತುಹೋದರೆ ಯಾರ ಬುಲೆಟಿನ್ನಿಗೂ ಕಾಯಬೇಡಿ, ಮನೆ ಬಿಡಿ.

ಗೂನಡ್ಕದವಳು (1 ಜುಲೈ 2022)

ನಿನ್ನೆ ತೋಟದ ಆಳು ಕರೆದುಕೊಂಡು ಗುಡ್ಡ ಹತ್ತಿ ನೋಡಿ ಬಂದೆವು. ಬಿರುಕು ಕಾಣಲಿಲ್ಲ. ಜಿಗಣೆ ಕಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ತೆಂಗಿನಕಾಯಿ ಅಟ್ಟದಿಂದ ಇಳಿಸಿದೆವು.

ಅತ್ತೆ ಒಂದು ಉಪಾಯ ಮಾಡಿದ್ದಾರೆ. ಟ್ಯಾಂಕರ್ ಯಾವುದು, ಭೂಕಂಪ ಯಾವುದು ಅಂತ ದಿನಾ ಜಗಳ ಆಗುತ್ತಿತ್ತಲ್ಲ. ದೇವರ ಕೋಣೆಯ ಗೂಡಿನಲ್ಲಿ ಹಿತ್ತಾಳೆ ಚೊಂಬು ಕವುಚಿ ಇಟ್ಟು, ಅದರ ಮೇಲೆ ಸ್ಟೀಲ್ ಲೋಟ ಕವುಚಿದ್ದಾರೆ. ಲಾರಿ ಹೋದರೆ ಲೋಟ ಸುಮ್ಮನಿರುತ್ತದೆ, ನೋಡಿಯಾಯಿತು. ನಿನ್ನೆ ರಾತ್ರಿ ಒಂದೂಕಾಲಕ್ಕೆ ಮತ್ತೆ ಸದ್ದು ಬಂತು. ಲೋಟ ಬೀಳಲಿಲ್ಲ, ಟಿಣ್ ಅಂತು. ಕತ್ತಲೆಯಲ್ಲಿ ಅತ್ತೆ "ಹೌದು, ಅದೇ" ಅಂದು ಮಗ್ಗುಲು ಬದಲಿಸಿದರು. ಬೆಳಿಗ್ಗೆ 1.8 ಅಂತ ಬಂತು. ಶನಿವಾರದ ನಂತರ ನಾನು ಸರಿಯಾಗಿ ಮಲಗಿದ್ದು ನಿನ್ನೆಯೇ. ಯಾಕೋ ಗೊತ್ತಿಲ್ಲ.

ತೊಗರಿ_ಹೊಲ

ಭೇಷ್ ಅದ ನಿಮ್ಮ ಅತ್ತಿ ಯಂತ್ರ!

ಗೂನಡ್ಕದವಳು (4 ಆಗಸ್ಟ್ 2022)

ಸುಮಾರು ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಾವು ಕ್ಷೇಮ. ಒಂದನೇ ತಾರೀಕು ರಾತ್ರಿ ಸುರಿದ ಮಳೆಗೆ ಕಲ್ಲುಗುಂಡಿ ಪೇಟೆಗೆ ಹೊಳೆ ನುಗ್ಗಿತು. ಮರದ ದಿಮ್ಮಿಗಳೆಲ್ಲ ಸೇತುವೆಗೆ ಬಂದು ಬಡಿಯುವ ಸದ್ದು ರಾತ್ರಿಯಿಡೀ. ಗುರುತಿನವರ ಅಂಗಡಿಯಲ್ಲಿ ಸೊಂಟದವರೆಗೆ ಕೆಸರು. ತಿಂಗಳು ಪೂರ್ತಿ ನೆಲದ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆವು, ಬಂದದ್ದು ನೀರು. ಕಂಪನದಿಂದ ಹೀಗಾಯಿತಾ ಅಂತ ಕೇಳಬೇಡಿ. ಆ ರಾತ್ರಿಯ ಮಳೆ ನೋಡಿದವರಿಗೆ ಬೇರೆ ಕಾರಣ ಬೇಕಿಲ್ಲ.

ಎಡಿಸನ್_ಅಡುಗೆಮನೆ (6 ಏಪ್ರಿಲ್ 2024)

ಹಳೇ ಚರ್ಚೆ ಎತ್ತುತ್ತಿದ್ದೇನೆ, ಕ್ಷಮಿಸಿ. ನ್ಯೂಜೆರ್ಸಿಯಿಂದ. ನಿನ್ನೆ ಬೆಳಿಗ್ಗೆ 10.23ಕ್ಕೆ ಇಲ್ಲಿ 4.8. ರಾತ್ರಿ ನಿದ್ದೆ ಬಾರದೆ ಕನ್ನಡದಲ್ಲಿ ಹುಡುಕಿದಾಗ ನಿಮ್ಮ ಮಾತು ಸಿಕ್ಕಿತು. ನಾನೂ ಅಡುಗೆಮನೆಯಲ್ಲೇ ಇದ್ದೆ. ಮೊದಲು ಸದ್ದು, ನೆಲಮಾಳಿಗೆಯಲ್ಲಿ ಬಾಯ್ಲರ್ ಸಿಡಿದ ಹಾಗೆ. ಮಸಾಲೆ ಡಬ್ಬಿಗಳು ಕಪಾಟಿನಲ್ಲಿ ಕುಣಿದವು. ಮೈಸೂರಿನಲ್ಲಿ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿ ಮುಗಿಸಿದ ಮೇಲೆ ಸರ್ಕಾರದ ಎಚ್ಚರಿಕೆ ಮೆಸೇಜು ಬಂತು, ಅರ್ಧ ಗಂಟೆ ಕಳೆದು! ಎಂಪೈರ್ ಸ್ಟೇಟ್ ಕಟ್ಟಡದ ಟ್ವಿಟರ್ ಖಾತೆಯವರು "ನಾನು ಚೆನ್ನಾಗಿದ್ದೇನೆ" ಅಂತ ಬರೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಆರರ ಹತ್ತಿರ ಇನ್ನೊಂದು ಬಂದಾಗ ನಗು ಬರಲಿಲ್ಲ.

ಇಲ್ಲಿ 4.8ಕ್ಕೆ ಉತ್ತರದ ಮೇಯ್ನ್‌ನಿಂದ ವರ್ಜೀನಿಯಾವರೆಗೂ ಗೊತ್ತಾಯಿತಂತೆ. ಕ್ಯಾಲಿಫೋರ್ನಿಯಾದ ನನ್ನ ತಂಗಿ ನಂಬುತ್ತಲೇ ಇಲ್ಲ.

ಕಲ್ಲು_ಓದುವವ

ನಂಬಲು ಹೇಳಿ. ಅವರ ಕಡೆ ನೆಲ ಚೂರುಚೂರಾಗಿ ಸೀಳಿದೆ, ಅಲೆ ಅಲ್ಲಲ್ಲೇ ಸೊರಗುತ್ತದೆ. ನಿಮ್ಮದು ಹಳೆಯ ಗಟ್ಟಿ ಕಲ್ಲು, ಕಂಚಿನ ಗಂಟೆಯ ಹಾಗೆ ದೂರದವರೆಗೆ ಒಯ್ಯುತ್ತದೆ. ದಕ್ಷಿಣ ಭಾರತದ ಕಲ್ಲೂ ಅದೇ ಜಾತಿ. ಇನ್ನು ಕೆಲವು ದಿನ ಸಣ್ಣವು ಬರುತ್ತವೆ. ನಿದ್ದೆಗೆ ನನ್ನಲ್ಲಿ ಮದ್ದಿಲ್ಲ. ಗೂನಡ್ಕದವರನ್ನು ಕೇಳಿ.

ಎಡಿಸನ್_ಅಡುಗೆಮನೆ

ಅಕ್ಕ, ಇದ್ದೀರಾ? ಆ ಚೊಂಬು ಲೋಟ ಈಗಲೂ ಇದೆಯಾ?

ಗೂನಡ್ಕದವಳು

ಇದ್ದೇನೆ. ಲೋಟವೂ ಅಲ್ಲೇ ಉಂಟು. ಅತ್ತೆ ಶುಕ್ರವಾರ ಗೂಡು ಒರೆಸುವಾಗ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ, ಮತ್ತೆ ಹಾಗೇ ಕವುಚಿ ಇಡುತ್ತಾರೆ. ಟಿಣ್ ಅನ್ನದೆ ಬಹಳ ದಿನ ಆಯಿತು. ನೀವು ಇಡುವುದಾದರೆ ಸ್ಟೀಲಿನದೇ ಇಡಿ. ಗಾಜಿನದು ಬೇಡ, ರಾತ್ರಿ ಬರಿಗಾಲಲ್ಲಿ ಓಡಾಡುತ್ತೀರಿ.